ಸ್ಟ್ಯಾಂಡಿನ ಕೆಂಪು ಗಾಡಿ

ಹೊಸನಗರದ ಟ್ಯಾಕ್ಸಿ ಸ್ಟ್ಯಾಂಡಿಗೆ ಒಮ್ಮೆ ಸಾರಂಗ ಕಂಪನಿಯ ಕಡೆಯಿಂದ ಸುಪ್ರಿಯಾ ಎಂಬ ಹುಡುಗಿ ಬಂದಿದ್ದಳು. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ, ಬಿಸಿಲಿಗೆ ಬಾಡಿದ ಮುಖ. ಸಾಲಾಗಿ ನಿಂತ ಒಂಬತ್ತು ಗಾಡಿಗಳನ್ನು ನೋಡಿದ್ದೇ ಅವಳ ಮುಖ ಅರಳಿತು. ಒಂಬತ್ತೂ ಅವಳ ಕಂಪನಿಯವೇ, ಒಂಬತ್ತೂ ಬಿಳಿ. ಸಾಗರದಲ್ಲಿ ನಾಲ್ಕು ಕಂಪನಿಯ ಗಾಡಿಗಳಿವೆ, ತೀರ್ಥಹಳ್ಳಿಯಲ್ಲಿ ಐದಾರು ಇವೆ, ಇಲ್ಲಿ ಮಾತ್ರ ಎಲ್ಲರೂ ಸಾರಂಗವನ್ನೇ ಯಾಕೆ ಹಿಡಿದುಕೊಂಡಿದ್ದೀರಿ ಎಂದು ಅವಳು ಕೇಳಿದಳು.

ನಮ್ಮ ಡ್ರೈವರುಗಳನ್ನು ಮಾತಿಗೆ ಎಳೆದರೆ ಕೇಳಬೇಕೇ! ಒಬ್ಬ ಮೈಲೇಜು ಎಂದ. ಇನ್ನೊಬ್ಬ ಹುಲಿಕಲ್ ಘಾಟಿಯನ್ನು ಉಸಿರುಗಟ್ಟದೆ ಹತ್ತುತ್ತದೆ ಎಂದ. ಕುಮಾರ ಎಂಬವನು ಇದರ ಪಾರ್ಟ್ಸು ಬೀಡಾ ಅಂಗಡಿಯಲ್ಲೂ ಸಿಗುತ್ತವೆ ಎಂದು ಒಗ್ಗರಣೆ ಹಾಕಿದ. ಸುಪ್ರಿಯಾ ಎಲ್ಲವನ್ನೂ ಗುರುತು ಹಾಕಿಕೊಂಡು ಸಂತೋಷದಿಂದ ಶಿವಮೊಗ್ಗದ ಬಸ್ಸು ಹತ್ತಿದಳು. ಅವಳು ಬರೆದುಕೊಂಡದ್ದು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಆ ಕಾರಣಗಳಿಗಾಗಿ ಆ ಸ್ಟ್ಯಾಂಡಿನಲ್ಲಿ ಒಬ್ಬನೂ ಸಾರಂಗ ಕೊಂಡಿರಲಿಲ್ಲ.

ನಿಜವಾದ ಕಾರಣ ಹೊರಗಿನವರ ಮುಂದೆ ಆಡುವಂಥದ್ದಲ್ಲ. ಅದೇ ಸ್ಟ್ಯಾಂಡಿನ ಹುಡುಗ ರಾಜುವಿಗೂ ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಸ್ಟ್ಯಾಂಡಿನ ಹಿರಿಯ ಧರ್ಮಪ್ಪನಿಗೆ ಎರಡು ಗಾಡಿಗಳಿದ್ದವು. ಒಂದನ್ನು ಅವನೇ ಓಡಿಸುತ್ತಿದ್ದ, ಇನ್ನೊಂದಕ್ಕೆ ರಾಜು ಡ್ರೈವರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ರಾಜು ನಗರ ಎಂಬ ಊರಿನ ಕಡೆಯ ಮುದುಕರೊಬ್ಬರನ್ನು ಮಣಿಪಾಲದ ಆಸ್ಪತ್ರೆಯಿಂದ ವಾಪಸು ಕರೆತರುತ್ತಿದ್ದ. ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಹುಲಿಕಲ್ ಘಾಟಿಯ ನಡುವೆ ಮುದುಕರ ಉಸಿರು ನಿಂತಿತು. ಹಿಂದಿನ ಸೀಟಿನಲ್ಲಿ ಅವರ ಮಗ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಾಸ್ತಿಕಟ್ಟೆಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ರಾಜು ಧರ್ಮಪ್ಪನಿಗೆ ಫೋನ್ ಮಾಡಿದ.

"ಜೀವ ಹೋಯ್ತು ಅಂತ ಯಾರು ಹೇಳಿದ್ರೋ ನಿಂಗೆ? ನೀ ಎಂತ ಡಾಕ್ಟ್ರಾ?" ಧರ್ಮಪ್ಪ ಗದರಿದ. "ಮನೆ ಅಂಗಳ ಮುಟ್ಟೋ ತಂಕ ಜೀವ ಇದೆ. ಅಷ್ಟು ತಿಳ್ಕೊ, ಸುಮ್ನೆ ಗಾಡಿ ಓಡ್ಸು."

ಆ ಮಗನಿಗೂ ಈ ರೀತಿ ರಿವಾಜು ಗೊತ್ತಿತ್ತು ಎಂದು ಕಾಣುತ್ತದೆ. ದಾರಿಯುದ್ದಕ್ಕೂ ಅವನು ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಇಗಾ ನಗರ ಬಂತು ಅಪ್ಪಯ್ಯ, ಇಗಾ ನಮ್ಮ ಕ್ರಾಸು ಬಂತು" ಎನ್ನುತ್ತಲೇ ಇದ್ದ. ಮನೆಯಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ, ಮಲಗಿಸಿ, ಬಾಯಿಗೆ ನೀರು ಬಿಟ್ಟ ಮೇಲೆಯೇ ಹೆಂಗಸರು ಅತ್ತದ್ದು. ರಾಜು ಹಳ್ಳದಲ್ಲಿ ಸೀಟು ತೊಳೆದು, ಗಾಡಿಯನ್ನು ತಂದು ಸಾಲಿನಲ್ಲಿ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಮಗುವಿನ ನಾಮಕರಣಕ್ಕೆ ಹೊರಟ ಕುಟುಂಬವೊಂದು ಬಂತು. ಅವರಲ್ಲಿ ಒಬ್ಬ ಅಜ್ಜಿ ಸಾಲಾಗಿ ನಿಂತ ಗಾಡಿಗಳ ಮೇಲೆ ಕಣ್ಣಾಡಿಸಿ, "ನಿನ್ನೆ ನಗರದವ್ರನ್ನ ತಂದ ಗಾಡಿ ಯಾವ್ದಪ್ಪ?" ಎಂದು ಕೇಳಿದಳು.

"ಅದು ಸರ್ವಿಸಿಗೆ ಹೋಗಿದೆ ಅಮ್ಮ" ಎಂದ ಧರ್ಮಪ್ಪ, ಕಣ್ಣು ಮಿಟುಕಿಸದೆ. ಅಜ್ಜಿ ನೆಮ್ಮದಿಯಿಂದ ಮೊಮ್ಮಗುವನ್ನು ಎತ್ತಿಕೊಂಡು ಅದೇ ಗಾಡಿಯನ್ನು ಹತ್ತಿದಳು.

ಆಗ ರಾಜುವಿಗೆ ಅರ್ಥವಾಯಿತು. ಹೆಣ ಬಂದ ಗಾಡಿಗೆ ಮದುಮಗಳು ಹತ್ತುವುದಿಲ್ಲ, ಬಾಣಂತಿ ಹತ್ತುವುದಿಲ್ಲ, ದೇವಸ್ಥಾನಕ್ಕೆ ಹೋಗುವವರಂತೂ ಹತ್ತಿರವೂ ಸುಳಿಯುವುದಿಲ್ಲ. ಪೂಜೆ ಮಾಡಿಸಿದರೂ ಅಷ್ಟೇ, ಗೋಮೂತ್ರ ಚಿಮುಕಿಸಿದರೂ ಅಷ್ಟೇ. ಹಾಗೆಂದು ಸತ್ತವರನ್ನು ದಾರಿಯಲ್ಲಿ ಬಿಟ್ಟು ಬರಲಾಗುತ್ತದೆಯೇ? ಧರ್ಮಪ್ಪನ ಹತ್ತಿರ ಮೊದಲು ಬೇರೆ ಕಂಪನಿಯ, ಕೆನೆ ಬಣ್ಣದ ಗಾಡಿಯೊಂದಿತ್ತು. ಹಿನ್ನೀರಿನಲ್ಲಿ ಮುಳುಗಿದ ಇಬ್ಬರು ಮಕ್ಕಳನ್ನು ಅದರಲ್ಲಿ ತಂದ ಮೇಲೆ ಒಂದು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ. ಅದನ್ನು ಕೊಟ್ಟು ಅವನು ಬಿಳಿ ಸಾರಂಗ ತಂದ. ಅದು ಒಳ್ಳೆಯ ಗಾಡಿ ಎಂದಲ್ಲ, ಸ್ಟ್ಯಾಂಡಿನಲ್ಲಿ ಆಗಲೇ ಮೂರು ಬಿಳಿ ಸಾರಂಗಗಳಿದ್ದವು ಎಂದು. ಗುಂಪಿನಲ್ಲಿ ಗೋವಿಂದ. ನಂಬರ್ ಪ್ಲೇಟು ಓದಿ ಹತ್ತುವವರು ಊರಲ್ಲಿ ಎಷ್ಟು ಮಂದಿ? ಆಮೇಲೆ ಗಾಡಿ ಕೊಂಡವರೆಲ್ಲ ಅವನ ಮಾತು ಕೇಳಿಯೇ ಕೊಂಡರು. ಒಂಬತ್ತು ಜನರಲ್ಲಿ ಯಾರ ಗಾಡಿಯಲ್ಲಿ ಯಾರು ಬಂದರು ಎಂಬುದು ಒಂಬತ್ತು ಜನರ ಹೊಟ್ಟೆಯಲ್ಲೇ ಇರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ರಾಜು ಸ್ವಂತ ಗಾಡಿ ಕೊಳ್ಳುವಾಗ ವಿರಾಜ್ ಕಂಪನಿಯದ್ದು ತಂದ. ಅದೂ ದಾಸವಾಳದ ಕೆಂಪು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಸ್ಟ್ಯಾಂಡಿನಲ್ಲಿ ನಕ್ಕರು. ಅವನ ಸಂಕಟ ಅವನಿಗೆ. ಆರು ವರ್ಷ ಬಿಳಿ ಗಾಡಿ ಓಡಿಸಿದ್ದಕ್ಕೆ ಪೇಟೆಯಲ್ಲಿ ಅವನಿಗೊಂದು ಹೆಸರೇ ಇರಲಿಲ್ಲ. ಜನ ಅವನನ್ನು ಕುಮಾರ ಎಂದು ಕರೆಯುತ್ತಿದ್ದರು, ಸುನಿಲ್ ಎಂದು ಕರೆಯುತ್ತಿದ್ದರು, ಮೂರು ಸಲ ಕರೆದುಕೊಂಡು ಹೋದವರೇ ನಾಲ್ಕನೇ ಸಲ "ನೀ ಯಾವ್ದೋ ಗಾಡಿಯವ್ನಲ್ವಾ" ಎನ್ನುತ್ತಿದ್ದರು. ಒಮ್ಮೆಯಾದರೂ ಊರವರು "ಅಗೋ ರಾಜುವಿನ ಗಾಡಿ" ಎನ್ನಲಿ ಎಂಬುದು ಅವನ ಆಸೆ. ಅದು ಅಂಥ ದೊಡ್ಡ ಅಪರಾಧವೇನಲ್ಲ.

"ಬೇಡ ಮಾರಾಯ" ಎಂದು ಧರ್ಮಪ್ಪ ಎರಡು ಸಲ ಹೇಳಿದ. "ಸಾರಂಗದ ಸೀಟು ಗಟ್ಟಿ, ನಂಗೂ ಗೊತ್ತು. ನಿನ್ ವಿರಾಜು ಮೆತ್ತಗೆ ಓಡತ್ತೆ, ಅದೂ ಗೊತ್ತು. ಆದ್ರೆ ಒಂದ್ ದಿನ ಅದ್ರಲ್ಲಿ ಯಾರ್ದಾದ್ರೂ ಜೀವ ಹೋದ್ರೆ ಎಲ್ಲಿ ಅಡಗಿಸ್ತೀಯ ಅದನ್ನ?"

ಆದರೆ ಗಾಡಿ ಬಂದ ದಿನ ಮೊದಲ ತೆಂಗಿನಕಾಯಿ ಒಡೆದವನು ಧರ್ಮಪ್ಪನೇ. ತನ್ನ ಎರಡನೇ ಗಾಡಿಯನ್ನು ಮಾರಿ, ಒಂದನ್ನೇ ಇಟ್ಟುಕೊಂಡ. "ಆಸ್ಪತ್ರೆ ಬಾಡಿಗೆ ಬಂದ್ರೆ ನಂಗೆ ಹೇಳು. ನಿನ್ ಪಾಳಿಗೂ ನಾನೇ ಹೋಗ್ತೀನಿ" ಎಂದ. ಹೇಳಿದಂತೆಯೇ ನಡೆದುಕೊಂಡ. ಎರಡು ವರ್ಷ ರಾಜುವಿನ ಪಾಳಿಯ ರೋಗಿಗಳನ್ನು, ಅವರಲ್ಲಿ ಜೀವ ಇದ್ದವರನ್ನೂ ಇಲ್ಲದವರನ್ನೂ, ಧರ್ಮಪ್ಪನೇ ಹೊತ್ತು ತಂದ. ಇತ್ತ ಕೆಂಪು ಗಾಡಿ ಮದುಮಗಳ ಗಾಡಿ ಎಂದು ಹೆಸರಾಯಿತು. ರಿಪ್ಪನ್‌ಪೇಟೆ, ಹುಂಚ, ಸಾಗರ, ಎಲ್ಲಿ ಮದುವೆಯಾದರೂ ಹೆಣ್ಣಿನ ಕಡೆಯವರು ಅದೇ ಬೇಕು ಎಂದರು. ಮದುವೆ ಫೋಟೋಗಳಲ್ಲಿ ಬಾನೆಟ್ಟಿನ ಹಿಂದೆ ರಾಜುವಿನ ಅರ್ಧ ಮುಖವೂ ಬರತೊಡಗಿತು. ಅವನ ಹೆಂಡತಿ ಶ್ಯಾಮಲಾ ಅಂಥ ಒಂದು ಫೋಟೋವನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕಿದಳು.

ಮೂರನೇ ವರ್ಷದ ಚಳಿಗಾಲದಲ್ಲಿ ಧರ್ಮಪ್ಪನಿಗೆ ಕೆಮ್ಮು ಶುರುವಾಯಿತು. ನಲವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈಯಲ್ಲೇ ಬೀಡಿಯನ್ನೂ ಹಿಡಿದಿದ್ದ ಮನುಷ್ಯ. ಶಿವರಾತ್ರಿ ಕಳೆಯುವುದರೊಳಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ. ಮಾರ್ಚ್ ತಿಂಗಳ ಒಂದು ಶನಿವಾರ ರಾಜು ಶಿವಮೊಗ್ಗಕ್ಕೆ ನಿಶ್ಚಿತಾರ್ಥದವರನ್ನು ಬಿಟ್ಟು, ಹಾಗೇ ಅವನನ್ನು ನೋಡಿಕೊಂಡು ಬರೋಣ ಎಂದು ಮಧ್ಯಾಹ್ನ ಆಸ್ಪತ್ರೆಗೆ ಹೋದ. ಧರ್ಮಪ್ಪನ ಹೆಂಡತಿ ಗುತ್ಯಮ್ಮ ಮೆಟ್ಟಿಲ ಹತ್ತಿರ ಬಟ್ಟೆಯ ಗಂಟು ಕಟ್ಟಿಕೊಂಡು ನಿಂತಿದ್ದಳು.

"ಕರ್ಕೊಂಡ್ ಹೋಗಿ ಅಂದ್ರು ರಾಜು. ಇವತ್ತೋ ನಾಳೆಯೋ ಅಂದ್ರು. ಕುಮಾರ ಸಂಜೆ ಬರ್ತೀನಿ ಅಂದಿದಾನೆ, ಇವ್ರಿಗೆ ಅಷ್ಟು ಹೊತ್ತು ತಡೆಯೋಕೆ ಆಗ್ತಾ ಇಲ್ಲ. ಈಗ್ಲೇ ಮನೆಗೆ ಹೋಗ್ಬೇಕು ಅಂತಾರೆ."

ಆಂಬುಲೆನ್ಸ್ ಮಾಡೋಣ ಎಂದು ರಾಜು ಹೇಳಿದ್ದುಂಟು. ಮಂಚದ ಮೇಲಿಂದಲೇ ಧರ್ಮಪ್ಪ ಬೇಡ ಎಂದು ಕೈಯಾಡಿಸಿದ. "ಅದ್ರಲ್ಲಿ ಮಲ್ಕೊಂಡ್ರೆ ತಗಡು ಬಿಟ್ರೆ ಎಂತದೂ ಕಾಣಲ್ಲ. ನಾ ಮುಂದೆ ಕೂತ್ಕೊಂಡು ಹೋಗ್ತೀನಿ. ರಸ್ತೆ ನೋಡ್ತಾ ಹೋಗ್ತೀನಿ." ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. "ನಮ್ ಅಂಗಳದಲ್ಲಿ ಇಳಿಸ್ಬಿಡು ಸಾಕು. ನಮ್ ಬಾವಿ ನೀರು ಒಂದ್ ಗುಟುಕು ಕುಡೀಬೇಕು. ಆಮೇಲೆ ಎಂತಾದ್ರೂ ಆಗ್ಲಿ."

ಮರುದಿನ ಬೆಳಿಗ್ಗೆ ರಾಜುವಿಗೆ ಹುಂಚದಿಂದ ಸಾಗರಕ್ಕೆ ಮದುಮಗಳನ್ನು ಕರೆದೊಯ್ಯುವುದಿತ್ತು. ಅದು ಅವನ ತಲೆಯಲ್ಲಿ ಒಮ್ಮೆ ಸುಳಿಯಿತು. ಸುಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿಗೆ ಅವನು ಅದನ್ನು ಪಕ್ಕಕ್ಕೆ ತಳ್ಳಿ, ಧರ್ಮಪ್ಪನನ್ನು ಎತ್ತಿಕೊಂಡೇ ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಎತ್ತಿದರೆ ತೂಕವೇ ಇಲ್ಲ, ಒಣಗಿದ ಸೌದೆಯ ಹೊರೆಯಷ್ಟೂ ಇಲ್ಲ. ರಾಜುವಿಗೆ ಅಳು ಬಂತು.

ಆಯನೂರು ದಾಟುವವರೆಗೆ ಧರ್ಮಪ್ಪ ಗೆಲುವಾಗಿಯೇ ಇದ್ದ. ಕ್ಲಚ್ಚಿನ ಮೇಲೆ ಯಾಕೆ ಕಾಲಿಟ್ಟುಕೊಂಡೇ ಓಡಿಸ್ತೀಯ ಎಂದು ಬೈದ. ಎದುರಿಗೆ ಅಡ್ಡಾದಿಡ್ಡಿ ಬಂದ ಲಾರಿಯವನಿಗೆ ದನಿ ಇಲ್ಲದ ಬಾಯಲ್ಲೇ ಎರಡು ಶಾಪ ಹಾಕಿದ. "ಮೆತ್ತಗಿದೆ ಮಾರಾಯ ನಿನ್ ಗಾಡಿ. ಸಾರಂಗ ಇದ್ರ ಮುಂದೆ ಎತ್ತಿನ ಗಾಡಿ" ಎಂದು ಒಪ್ಪಿಕೊಂಡ. ಹಿಂದೆ ಕೂತ ಗುತ್ಯಮ್ಮ ಬಹಳ ದಿನಗಳ ಮೇಲೆ ನಕ್ಕಳು. ಅವರ ಮಗಳು ತನುಜಾ ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಲ್ಲಿಗೆ ಬಂದ್ರಿ ಎಂದು ಅವಳ ಫೋನ್ ಮೇಲೆ ಫೋನ್ ಬರುತ್ತಿತ್ತು.

ರಿಪ್ಪನ್‌ಪೇಟೆ ಬಿಟ್ಟು ಏಳೆಂಟು ಕಿಲೋಮೀಟರ್ ಬಂದಿರಬಹುದು, ಧರ್ಮಪ್ಪನ ಉಸಿರಿನ ಸದ್ದು ಬದಲಾಯಿತು. ಅಂಥ ಉಸಿರನ್ನು ಹಿಂದಿನ ಸೀಟಿನಿಂದ ನೂರು ಸಲ ಕೇಳಿದ ಡ್ರೈವರು ಧರ್ಮಪ್ಪ. ಎಲ್ಲರಿಗಿಂತ ಮೊದಲು ಅವನಿಗೇ ಅದು ಗೊತ್ತಾಯಿತು.

"ರಾಜು, ನಿಲ್ಸು. ನಾ ಇಳೀತೀನಿ."

"ಎಂತಕ್ಕೆ ಧರ್ಮಣ್ಣ?"

"ಕುಮಾರಂಗೆ ಫೋನ್ ಮಾಡು. ಅವ್ನ್ ಗಾಡಿ ಬರ್ಲಿ. ಇದ್ರಲ್ಲಿ ಬೇಡ. ನಾಳೆ ನೀ ಮದುಮಗಳನ್ನ ಕೂರಿಸ್ಬೇಕಲ್ಲ ಇದ್ರಲ್ಲಿ."

ಮನೆಗೆ ಇನ್ನು ಇಪ್ಪತ್ತು ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಕುಮಾರ ಹೊಸನಗರದಿಂದ ಇಲ್ಲಿಗೆ ಬರುವಷ್ಟರಲ್ಲಿ ಮನೆಯನ್ನೇ ಮುಟ್ಟಬಹುದು. ಇಷ್ಟು ಸಣ್ಣ ಲೆಕ್ಕ ಯಾವ ಡ್ರೈವರಿಗೆ ಬರುವುದಿಲ್ಲ? ರಾಜುವಿಗೂ ಬರುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಧರ್ಮಪ್ಪನ ಮನೆಯ ಅಂಗಳದಲ್ಲಿ ನೆರೆದ ಜನ ಬಂದು ನಿಂತರು. ಧರ್ಮಪ್ಪನನ್ನು ಕೊನೆಗೆ ತಂದದ್ದು ಆ ಕೆಂಪು ಗಾಡಿ ಎಂದು ಅವರು ನಾಳೆ ಹುಂಚಕ್ಕೂ ಸಾಗರಕ್ಕೂ ಸುದ್ದಿ ಮುಟ್ಟಿಸುತ್ತಾರೆ. ಅಂಗಳ ಮುಟ್ಟುವವರೆಗೆ ಜೀವ ಇತ್ತು ಎಂದು ಎಷ್ಟು ಹೇಳಿದರೂ ಯಾರು ನಂಬುತ್ತಾರೆ? ಆ ಮಾತನ್ನು ಕಟ್ಟಿದವನೇ ಸೀಟಿನಲ್ಲಿ ಸತ್ತಿರುವಾಗ!

ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಗಾಡಿ ಪೂರ್ತಿ ನಿಂತ ಮೇಲೆ ಅವನು "ಬೇಡ ಧರ್ಮಣ್ಣ, ಸುಮ್ನಿರಿ, ಹೋಗೋಣ" ಎಂದ. ಬಾಯಿಗಿಂತ ಮೊದಲು ಕಾಲು ಮಾತಾಡಿತ್ತು. ಧರ್ಮಪ್ಪ ಅವನತ್ತ ಒಮ್ಮೆ ನೋಡಿ ಬಾಗಿಲಿನ ಹಿಡಿಗೆ ಕೈಹಾಕಿದ.

ಅಲ್ಲೊಂದು ಬಸ್ ಶೆಲ್ಟರಿತ್ತು. ಸಿಮೆಂಟಿನ ಬೆಂಚು, ಗೋಡೆ ತುಂಬ ಎಲೆಯಡಿಕೆ ಉಗಿದ ಕಲೆ, ಮುಂದೆ ಕಾದು ಬಿದ್ದ ರಸ್ತೆ. ರಾಜು ಧರ್ಮಪ್ಪನನ್ನು ಎತ್ತಿ ಬೆಂಚಿನ ಮೇಲೆ ಗುತ್ಯಮ್ಮನ ಹೆಗಲಿಗೆ ಒರಗಿಸಿ ಕೂರಿಸಿದ. ಗುತ್ಯಮ್ಮ ಬೈದಿದ್ದರೆ ರಾಜು ಮತ್ತೆ ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಹೊರಟುಬಿಡುತ್ತಿದ್ದನೋ ಏನೋ. ಅವಳು ಬೈಯಲಿಲ್ಲ, ಸೆರಗಿನಿಂದ ಗಂಡನ ಹಣೆ ಒರೆಸಿದಳು ಅಷ್ಟೆ. ಫೋನಿನಲ್ಲಿ ಕುಮಾರ, ಸಂಪೆಕಟ್ಟೆಯ ಹತ್ತಿರ ಇದ್ದೇನೆ, ಪ್ಯಾಸೆಂಜರನ್ನು ಇಳಿಸಿ ಈಗಲೇ ಹೊರಟೆ ಎಂದ.

"ಗಾಡಿ ದೂರ ನಿಲ್ಸು ಮಾರಾಯ" ಎಂದ ಧರ್ಮಪ್ಪ. "ಬಸ್ಸಿನೋರು ನೋಡ್ತಾರೆ."

ರಾಜು ಹೋಗಿ ಗಾಡಿಯನ್ನು ತಿರುವಿನ ಆಚೆಗೆ, ಮರದ ಮರೆಯಲ್ಲಿ ನಿಲ್ಲಿಸಿ ಬಂದ. ಬರುವಾಗ ಮದುವೆಯವರಿಗೆಂದು ಇಟ್ಟಿದ್ದ ನೀರಿನ ಬಾಟಲಿ ತಂದ. ಧರ್ಮಪ್ಪ ಬಾಟಲಿ ನೋಡಿ ತಲೆ ಅಲ್ಲಾಡಿಸಿದ. ಮನೆಗೆ ಹೋಗಿ ಕುಡಿಯುತ್ತೇನೆ ಎಂಬಂತೆ ಕೈ ತೋರಿಸಿದ. ಹೊಸನಗರದ ಕಡೆಯಿಂದ ಬರುವ ಪ್ರತಿಯೊಂದು ಗಾಡಿಗೂ ಅವನ ಕಣ್ಣು ಎದ್ದು ನಿಲ್ಲುತ್ತಿತ್ತು. ಒಂದು ಹಾಲಿನ ಗಾಡಿ ಬಂತು. ಒಂದು ಬಸ್ಸು ಬಂದು, ಯಾರೂ ಹತ್ತುವುದಿಲ್ಲ ಎಂದು ಕಂಡು ಮುಂದೆ ಹೋಯಿತು. ಆಮೇಲೆ ಅವನು ಕಣ್ಣು ಎತ್ತಲಿಲ್ಲ. ಗುತ್ಯಮ್ಮ ಬಾಟಲಿ ಇಸಿದುಕೊಂಡು ಅವನ ಬಾಯಿಗೆ ಎರಡು ಹನಿ ಬಿಟ್ಟಳು. ಒಂದು ಹನಿ ಒಳಗೆ ಹೋಯಿತು, ಇನ್ನೊಂದು ಗಲ್ಲದ ಮೇಲೆ ಇಳಿಯಿತು.

ರಾಜು ಫೋನಿನಲ್ಲಿ ಗಂಟೆ ನೋಡಿದ. ಧರ್ಮಪ್ಪ ಆ ಬೆಂಚಿನ ಮೇಲೆ ನಲವತ್ತು ನಿಮಿಷ ಬದುಕಿದ್ದ. ನಿಲ್ಲಿಸದೆ ಹೋಗಿದ್ದರೆ ಅಂಗಳ ಮುಟ್ಟಿ ಹತ್ತು ನಿಮಿಷವಾಗಿರುತ್ತಿತ್ತು. ಅತ್ತ ಮನೆಯಲ್ಲಿ ತಂಬಿಗೆಯಲ್ಲಿ ಬಾವಿಯ ನೀರು ಹಿಡಿದುಕೊಂಡು ಮಗಳು ಬಾಗಿಲಲ್ಲೇ ನಿಂತಿದ್ದಳು.

ಕುಮಾರನ ಬಿಳಿ ಸಾರಂಗ ಬಂದಾಗ ಇನ್ನೂ ಕಾಲು ಗಂಟೆ ಕಳೆದಿತ್ತು. ಕುಮಾರ ಇಳಿದು ಬಂದು ನೋಡಿದ. ಒಂದು ಕ್ಷಣ ಅವನ ಮುಖ ಕಳೆಗೆಟ್ಟಿತು, ಆಮೇಲೆ ಸರಿಮಾಡಿಕೊಂಡ. "ಜೀವ ಇದೆ ಅತ್ಗೆ" ಎಂದ. "ಹತ್ತಿ, ಬೇಗ ಹೋಗೋಣ." ಅಷ್ಟರಲ್ಲಿ ಗುತ್ಯಮ್ಮನ ಫೋನ್ ಬಡಿದುಕೊಂಡಿತು. ಅವಳು ಕಿವಿಗಿಟ್ಟುಕೊಂಡು, "ಬರ್ತಾ ಇದೀವಿ ಮಗಾ. ಹೂಂ, ಜೀವ ಇದೆ" ಎಂದಳು. ಹಾಗೆ ಹೇಳುವಾಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ರಾಜು ಶೆಲ್ಟರಿನ ಗೋಡೆಯ ಕಡೆ ತಿರುಗಿ ನಿಂತುಕೊಂಡ.

ಹಿಂದೆಯೇ ಹೊರಟ ರಾಜುವನ್ನು ಕುಮಾರ ತಡೆದ. "ನೀ ಹಿಂದೆ ಬರ್ಬೇಡ ಕಣೋ. ಎರಡೂ ಗಾಡಿ ಒಟ್ಟಿಗೆ ಅಂಗಳಕ್ಕೆ ಹೋದ್ರೆ ನೂರು ಪ್ರಶ್ನೆ ಕೇಳ್ತಾರೆ. ಇಷ್ಟು ಮಾಡಿದ್ದು ಹಾಳಾಗತ್ತೆ. ಸೀದಾ ಮನೆಗೆ ಹೋಗು."

ರಾಜು ಸೀದಾ ಮನೆಗೆ ಹೋದ. ತಲೆಗೆ ನೀರು ಹಾಕಿಕೊಂಡ. ಶ್ಯಾಮಲಾ ಎಲ್ಲ ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವ್ರೇ ಇಳೀತೀನಿ ಅಂದಿದ್ದಲ್ವಾ? ನೀವೆಂತ ನೂಕಿದ್ರಾ?" ಎಂದಳು. ಸಮಾಧಾನಕ್ಕೆ ಹೇಳಿದ್ದು ಅದು. ಹೌದು, ಅವನು ನೂಕಿರಲಿಲ್ಲ.

ಮರುದಿನ ಬೆಳಿಗ್ಗೆ ಹುಂಚದ ಮನೆಯೊಂದರ ಮುಂದೆ ಕೆಂಪು ಗಾಡಿಗೆ ಸೇವಂತಿಗೆಯ ಹಾರ ಕಟ್ಟಿದರು. ಮದುಮಗಳು ಶ್ರಾವ್ಯಾ, ಇಪ್ಪತ್ತಮೂರರ ಹುಡುಗಿ, ಮುಂದಿನ ಸೀಟೇ ಬೇಕೆಂದು ಹಟ ಮಾಡಿ ಕೂತಳು. ಸೀಟು ನಿನ್ನೆ ಧರ್ಮಪ್ಪನಿಗೆಂದು ಹಿಂದಕ್ಕೆ ಒರಗಿಸಿದಂತೆಯೇ ಇತ್ತು. ರಾಜು ಅದನ್ನು ನೆಟ್ಟಗೆ ಮಾಡಿಕೊಟ್ಟ. ಅವಳ ತಾಯಿ ಬಾನೆಟ್ಟಿಗೆ ಕುಂಕುಮ ಇಟ್ಟು, ಎಂಥ ಲಕ್ಷಣದ ಗಾಡಿ ಎಂದಳು. ಸಾಗರದ ಕಲ್ಯಾಣಮಂಟಪದಲ್ಲಿ ವಾಲಗದವರು ಜೋರಾಗಿ ಊದತೊಡಗಿದ ಹೊತ್ತಿಗೆ, ಅತ್ತ ಧರ್ಮಪ್ಪನ ಚಿತೆಗೆ ಬೆಂಕಿ ಇಟ್ಟಿರಬೇಕು. ಊಟಕ್ಕೆ ಕೂತ ರಾಜು ಪಾಯಸ ಬಡಿಸುವಾಗ ಎಲೆ ಬಿಟ್ಟು ಎದ್ದ. ಡ್ರೈವರ್ ಊಟ ಮಾಡಲಿಲ್ಲ ಎಂದು ಯಾರೂ ಗಮನಿಸಲಿಲ್ಲ, ಗಮನಿಸುವವರು ಯಾರಿದ್ದಾರೆ?

ಸ್ಟ್ಯಾಂಡಿನಲ್ಲಿ ಒಬ್ಬರಾದರೂ ಅವನನ್ನು ಹಿಡಿದು ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. "ಸರಿ ಮಾಡ್ದೆ ಬಿಡೋ" ಎಂದರು ಎಲ್ಲರೂ. "ಧರ್ಮಣ್ಣ ಅಂದ್ರೆ ಧರ್ಮಣ್ಣ. ಸಾಯೋವಾಗ್ಲೂ ಗಾಡಿ ಉಳಿಸಿ ಹೋದ" ಎಂದು ಅವನನ್ನು ಕೊಂಡಾಡಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ರಾಜುವಿಗೆ ಆ ನಲವತ್ತು ನಿಮಿಷ ನೆನಪಾಗುತ್ತಿತ್ತು. ಪಕ್ಕದ ಸೀಟಿನಲ್ಲಿ ಮದುಮಗಳು ಕೂತರೂ, ಛಾಯಾಗ್ರಾಹಕ ಕೂತರೂ, ಅವನು ಅತ್ತ ನೋಡುವುದನ್ನು ಬಿಟ್ಟ. ಆ ಶೆಲ್ಟರಿನ ಮುಂದೆ ಹಾಯಬೇಕಾಗುತ್ತದೆಂದು ರಿಪ್ಪನ್‌ಪೇಟೆಗೆ ಹೋಗುವಾಗ ಹತ್ತು ಕಿಲೋಮೀಟರ್ ಸುತ್ತು ಹಾಕಿ ಹೋದ.

ಯುಗಾದಿ ಕಳೆದ ಮೇಲೆ ಅವನು ಕೆಂಪು ಗಾಡಿಯನ್ನು ಸಾಗರದವರೊಬ್ಬರಿಗೆ ಮಾರಿದ. ಶ್ಯಾಮಲಾ ಎರಡು ದಿನ ಮಾತು ಬಿಟ್ಟಳು. ಗೋಡೆಯ ಮೇಲಿನ ಫೋಟೋವನ್ನು ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಒಂದು ಸೋಮವಾರ ರಾಜು ಹೊಸ ಬಿಳಿ ಸಾರಂಗವನ್ನು ತಂದು ಸ್ಟ್ಯಾಂಡಿನ ಸಾಲಿನಲ್ಲಿ ನಿಲ್ಲಿಸಿದಾಗ, ಕೆಟ್ಟ ಮೇಲೆ ಬುದ್ಧಿ ಬಂತು ನೋಡಿ ಎಂದು ಪಕ್ಕದ ಗಾಡಿಯ ಡ್ರೈವರು ಸುನಿಲ್ ಅವನ ಬೆನ್ನಿಗೆ ಗುದ್ದಿದ. ರಾಜುವಿಗೆ ಮಾತ್ರ ಬಹಳ ದಿನಗಳ ಮೇಲೆ ಎದೆ ಸ್ವಲ್ಪ ಹಗುರಾಗಿತ್ತು. ಇನ್ನು ಆಸ್ಪತ್ರೆಯ ಪಾಳಿಗಳೆಲ್ಲ ನನಗೇ ಇರಲಿ ಎಂದು ಅವನು ಎಲ್ಲರಿಗೂ ಹೇಳಿಬಿಟ್ಟ. ಇನ್ನು ಯಾರನ್ನೂ ನಡುದಾರಿಯಲ್ಲಿ ಇಳಿಸುವ ಮಾತೇ ಇಲ್ಲ. ಧರ್ಮಣ್ಣ ಹೇಳಿದ ದಾರಿಗೆ ಬಂದೆನಲ್ಲ, ಮೇಲೆ ಎಲ್ಲಾದರೂ ಕೂತು ನೋಡಿದರೆ ಅವನಿಗೂ ಒಪ್ಪಿಗೆಯಾದೀತು ಎಂದುಕೊಂಡ.

ಧರ್ಮಪ್ಪನ ಬೂದಿಯನ್ನು ಇನ್ನೂ ನೀರಿಗೆ ಬಿಟ್ಟಿರಲಿಲ್ಲ. ತಂದೆ ಹೋದ ಒಂಬತ್ತನೇ ದಿನಕ್ಕೆ ತನುಜಾ ಹೆತ್ತಿದ್ದಳು. ಅವಳ ಬಾಣಂತನ ಒಂದು ಹಂತಕ್ಕೆ ಬರಲಿ ಎಂದು ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹಿತ್ತಲಿನ ಮರಕ್ಕೆ ಕಟ್ಟಿಟ್ಟಿದ್ದರು. ಮೇ ತಿಂಗಳಲ್ಲಿ ತೀರ್ಥಹಳ್ಳಿಗೆ ಹೋಗಿ ತುಂಗೆಯಲ್ಲಿ ಬಿಡುವುದೆಂದು ಗೊತ್ತಾದಾಗ ರಾಜು ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ. ಅಂದು ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ಅಂಗಳದಲ್ಲೇ ಗಾಡಿ ನಿಲ್ಲಿಸಿದ. ಧರ್ಮಪ್ಪ ಹೋದ ಮೇಲೆ ಆ ಅಂಗಳಕ್ಕೆ ಅವನು ಗಾಡಿ ತಂದದ್ದು ಅಂದೇ ಮೊದಲು.

ಗುತ್ಯಮ್ಮ ಗಡಿಗೆ ಹಿಡಿದುಕೊಂಡು ಹೊರಗೆ ಬಂದಳು. ಗಾಡಿಯ ಹತ್ತಿರ ಬಂದವಳು ನಿಂತು, ಅಂಗಳದ ಆಚೆ, ರಸ್ತೆಯ ಕಡೆ, ಏನನ್ನೋ ಹುಡುಕುವಂತೆ ನೋಡಿದಳು.

"ಇದು ಕುಮಾರನ ಗಾಡಿ ಅಲ್ವಾ? ನಿನ್ ಕೆಂಪು ಗಾಡಿ ಎಲ್ಲಿ?"

"ಇದು ನಂದೇ ಅತ್ಗೆ. ಕೆಂಪಿದ್ದು ಕೊಟ್ಬಿಟ್ಟೆ" ಎಂದ ರಾಜು. ದನಿಯಲ್ಲಿ ಒಂದು ಬಗೆಯ ಹುರುಪಿತ್ತು. "ಧರ್ಮಣ್ಣ ಮೊದ್ಲೇ ಹೇಳಿದ್ರು, ಸಾರಂಗಾನೇ ತಗೋ ಅಂತ. ನಾನೇ ಕೇಳ್ಲಿಲ್ಲ. ಈಗ ಅವ್ರು ಹೇಳಿದಂಗೇ ಮಾಡಿದೀನಿ."

ಗುತ್ಯಮ್ಮ ಜಗಲಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಳಗೆ ಮಗು ಅಳುತ್ತಿತ್ತು.

"ಆವತ್ತು ನೀ ಗಾಡಿ ದೂರ ನಿಲ್ಸಕ್ಕೆ ಹೋದ್ಯಲ್ಲ, ಆವಾಗ ಕೇಳ್ದೆ ನಾನು ಇವ್ರನ್ನ. ಮನೆ ಇಷ್ಟು ಹತ್ರ ಬಂದಿತ್ತಲ್ರೀ, ಯಾಕೆ ಇಳಿದ್ರಿ ಅಂತ" ಎಂದಳು. "ಹುಡ್ಗನ ಗಾಡಿ ಉಳೀಲಿ ಬಿಡು ಅಂದ್ರು. ಊರಲ್ಲಿ ಒಂದಾದ್ರೂ ಗಾಡಿ ಯಾರ ಹೆಣಾನೂ ಹೊರದೆ ಇರ್ಲಿ ಅಂದ್ರು. ಅದೇ ಕೊನೇ ಮಾತು."

ರಾಜು ಗಾಡಿಯ ಬಾಗಿಲಿನಿಂದ ಕೈ ತೆಗೆದ.

"ನಂಗೆ ಅದೊಂದೇ ಸಮಾಧಾನ ಇತ್ತು ರಾಜು. ನಿನ್ ಕೆಂಪು ಗಾಡಿ ಹೂ ಕಟ್ಕೊಂಡು ಪೇಟೇಲಿ ಹೋಗೋದು ಕಂಡಾಗೆಲ್ಲ ಅಂದ್ಕೋತಿದ್ದೆ, ಇವ್ರು ಇಳಿದಿದ್ದಕ್ಕೇ ಅದು ಓಡ್ತಾ ಇದೆ ಅಂತ. ಬೆಂಚಿನ ಮೇಲೆ ಸತ್ರೂ ಒಂದ್ ಕೆಲ್ಸಕ್ಕೆ ಬಂತಲ್ಲ ಅಂತ." ಅವಳು ಸೆರಗಿನಿಂದ ಗಡಿಗೆಯ ಮೇಲಿನ ಧೂಳು ಒರೆಸಿದಳು. "ಅದನ್ನೂ ಮಾರ್ಬಿಟ್ಯಲ್ಲೋ ಮಾರಾಯ. ಇದಕ್ಕೆ ಅವ್ರು ಯಾಕೆ ಇಳೀಬೇಕಿತ್ತು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ರಾಜು ಕಾಲಿಗೆ ಬಿದ್ದು ಕ್ಷಮಿಸಿ ಎನ್ನಬಹುದಿತ್ತು. ಅವಳು ನಿಜವಾಗಿ ಕೇಳುತ್ತಿದ್ದಳು. ಗುತ್ಯಮ್ಮ ಕಟ್ಟೆ ಹಿಡಿದು ಮೆಲ್ಲಗೆ ಎದ್ದಳು. ಗಾಡಿಯ ಹಿಂದಿನ ಬಾಗಿಲನ್ನು ತಾನೇ ತೆಗೆದುಕೊಂಡು ಒಳಗೆ ಕೂತಳು.

"ನಡಿ" ಎಂದಳು. "ಬಿಸಿಲು ಏರಿದ್ರೆ ಕಷ್ಟ."

ರಾಜು ಗಾಡಿ ಸ್ಟಾರ್ಟ್ ಮಾಡಿದ. ಅಂಗಳ ದಾಟಿ ತೀರ್ಥಹಳ್ಳಿಯ ದಾರಿ ಹಿಡಿದ.